ನನ್ನ ಬೆನ್ನಿಗೆ ಸಾಕ್ಷಿ ಹುಡುಕಿದ್ದು

ನನ್ನ ಬೆನ್ನು ಕೆಟ್ಟಿದೆ ಎನ್ನುವುದನ್ನು ಸರ್ಕಾರ ಒಪ್ಪುತ್ತದೆ. ಅದು ಸೇನೆಯಲ್ಲಿದ್ದಾಗ ಕೆಟ್ಟಿತು ಎನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಅರ್ಜಿ ತಿರಸ್ಕರಿಸಿದ ಪತ್ರದಲ್ಲಿ, ವಯಸ್ಸಿನಿಂದಲೂ ಇಪ್ಪತ್ತಾರು ವರ್ಷ ದನದ ಮೇವಿನ ಲಾರಿ ಓಡಿಸಿದ್ದರಿಂದಲೂ ಹೀಗಾಗಿರಬಹುದು ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು. ನನ್ನ ಭಾವಮೈದ ಗಾರ್ಲಂಡ್ ಅದನ್ನು ಎರಡು ಸಲ ಓದಿ, "ವಯಸ್ಸಾಯ್ತು ಅಂತ ಸರ್ಕಾರಾನೇ ಹೇಳ್ತು ನೋಡು. ನಾನು ಹೇಳಿದ್ರೆ ಹೊಡೆಯೋಕೆ ಬರ್ತಿದ್ದೆ," ಎಂದು ನಕ್ಕ. ಒಂದು ವರ್ಷದೊಳಗೆ ಹೊಸ ಸಾಕ್ಷ್ಯ ತಂದರೆ ಮತ್ತೆ ನೋಡುತ್ತೇವೆ ಎಂದು ಪತ್ರದ ಕೊನೆಯಲ್ಲಿತ್ತು. ಆ ವರ್ಷದಲ್ಲಿ ಒಂಬತ್ತು ತಿಂಗಳನ್ನು ನಾನು ಸಿಟ್ಟು ಮಾಡಿಕೊಂಡೇ ಕಳೆದೆ.

ನನಗೆ ಬೇಕಾಗಿದ್ದದ್ದು ಚಿಕಿತ್ಸೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅದು ನಿಜವೇ. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ವಾಕ್ಯ ಬೇಕಾಗಿತ್ತು: ಹೋಬರ್ಟ್ ಕ್ರಂಪ್ ಹೇಳುತ್ತಿರುವುದು ಸುಳ್ಳಲ್ಲ ಎಂದು ಸರ್ಕಾರದ ಕಾಗದದ ಮೇಲೆ ಒಂದು ವಾಕ್ಯ. ಅದನ್ನು ಗಾರ್ಲಂಡನ ಮುಖಕ್ಕೆ ಹಿಡಿಯಬೇಕಿತ್ತು.

ಕೊನೆಗೆ ಹೆಂಡತಿ ಲೂರೀನ್‌ಗೆ ಸಾಕಾಯಿತು. "ಕೂತ್ರೆ ನೋವು, ನಿಂತ್ರೆ ನೋವು. ಬೈಯೋವಾಗ ಮಾತ್ರ ನಿನಗೆ ಎಲ್ಲೂ ನೋಯಲ್ಲ. ಹೋಗಿ ಆ ಒಡೆಸ್ಸಾನ ನೋಡ್ಕೊಂಡು ಬಾ. ಇಲ್ಲಾಂದ್ರೆ ಇನ್ಮೇಲೆ ಈ ಮನೇಲಿ ಬೆನ್ನಿನ ಸುದ್ದಿ ಎತ್ತಬೇಡ," ಎಂದಳು.

ಒಡೆಸ್ಸಾ ಪ್ರೂಯಿಟ್ ನಮ್ಮ ಕೌಂಟಿಯಲ್ಲಿ ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುವ ಅಧಿಕಾರಿ. ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಅವರ ಕೋಣೆ ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿದೆ. ಬೆನ್ನು, ಮಂಡಿ, ಸೊಂಟ ಕಳೆದುಕೊಂಡವರೆಲ್ಲ ಅಲ್ಲಿಗೆ ಹದಿನಾಲ್ಕು ಮೆಟ್ಟಿಲು ಇಳಿದು ಹೋಗಬೇಕು. ನಾನು ಕಂಬಿ ಹಿಡಿದುಕೊಂಡು ಪಕ್ಕಕ್ಕೆ ತಿರುಗಿ ಏಡಿಯ ಹಾಗೆ ಇಳಿದೆ.

"ನಿಮ್ಮ ಸೇನೆಯ ಆರೋಗ್ಯದ ಕಡತ ತರಿಸಿದೀನಿ, ಕ್ರಂಪ್ ಅವರೇ," ಎಂದರು ಒಡೆಸ್ಸಾ. "ನಾಲ್ಕು ವರ್ಷಕ್ಕೆ ಮೂರೇ ಹಾಳೆ. ಒಂದು ಹಲ್ಲಿಂದು, ಒಂದು ಕಣ್ಣಿಂದು. ಮೂರನೇದು ಸೇನೆ ಬಿಡೋ ದಿನ ನೀವೇ ತುಂಬಿದ್ದು. ‘ಬೆನ್ನು ನೋವಿದೆಯೇ?’ ‘ಇಲ್ಲ.’ ನಿಮ್ಮದೇ ಅಕ್ಷರ, ನಿಮ್ಮದೇ ಸಹಿ."

"ಇದೆ ಅಂತ ಬರೆದೋರನ್ನ ತಪಾಸಣೆಗೆ ಅಂತ ಮೂರು ದಿನ ಜಾಸ್ತಿ ಇಟ್ಕೋತಿದ್ರು, ಮೇಡಂ. ಆ ಶನಿವಾರ ಇಲ್ಲಿ ಜಿಂಕೆ ಬೇಟೆ ಶುರುವಾಗ್ತಿತ್ತು."

ಒಡೆಸ್ಸಾ ಕನ್ನಡಕದ ಮೇಲಿಂದ ನೋಡಿದರು. "ಸಿಕ್ತಾ ಜಿಂಕೆ?"

"ಇಲ್ಲ."

"ಸರಿ. ಬಿದ್ದ ದಿನ ಯಾಕೆ ಡಾಕ್ಟರ್ ಹತ್ರ ಹೋಗಲಿಲ್ಲ?"

ಇದಕ್ಕೆ ಉತ್ತರ ಹೇಳಲು ನನಗೆ ನಾಚಿಕೆಯಾಯಿತು. ಸೇನೆಯಲ್ಲಿ ಮೈ ಸರಿಯಿಲ್ಲದವರು ಬೆಳಿಗ್ಗೆ ಆರಕ್ಕೆ ವೈದ್ಯರ ಮುಂದೆ ಸಾಲು ನಿಲ್ಲುತ್ತಾರೆ. ಅದಕ್ಕೆ ಸಿಕ್ ಕಾಲ್ ಎನ್ನುತ್ತಾರೆ. ಯಾವ ತುಕಡಿಯಲ್ಲೂ ಆ ಸಾಲಿಗೆ ಮರ್ಯಾದೆಯಿಲ್ಲ. ಅಲ್ಲಿ ನಿಂತವನು ಕಳ್ಳ, ಮೈಗಳ್ಳ. ನನ್ನ ತುಕಡಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಆ ಸಾಲಿನಲ್ಲಿ ನಿಂತು ಬಂದವನು ದಿನವೆಲ್ಲ ಒಂದು ಗುಲಾಬಿ ಬಣ್ಣದ ದಿಂಬು ಹೊತ್ತು ತಿರುಗಬೇಕಿತ್ತು, ಊಟಕ್ಕೆ ಹೋಗುವಾಗಲೂ. ಆ ದಿಂಬನ್ನು, ನಾವು ಆಗ ಬೀಡುಬಿಟ್ಟಿದ್ದ ಜರ್ಮನಿಯ ಸಂತೆಯಲ್ಲಿ ಸ್ವಂತ ದುಡ್ಡು ಕೊಟ್ಟು ತಂದ ಸಾರ್ಜೆಂಟ್ ನಾನೇ. ಹಾಗಿರುವಾಗ ಹಿಮದಲ್ಲಿ ಟ್ಯಾಂಕಿನ ಮೇಲಿಂದ ಜಾರಿ, ಎಳೆಯುವ ಕೊಕ್ಕೆಯ ಮೇಲೆ ಬೆನ್ನು ಕೊಟ್ಟು ಬಿದ್ದ ನಾನು ಯಾವ ಮುಖ ಹೊತ್ತು ಆ ಸಾಲಿಗೆ ಹೋಗಲಿ? ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಂಡು ಆಸ್ಪಿರಿನ್ ನುಂಗಿದೆ.

ಇದನ್ನೆಲ್ಲ ಕೇಳಿ ಒಡೆಸ್ಸಾ ನಗಲೂ ಇಲ್ಲ, ಬೈಯಲೂ ಇಲ್ಲ. ಅವರು ಇಂಥ ಗಂಡಸರನ್ನು ದಿನಕ್ಕೆ ಆರು ಮಂದಿ ನೋಡುತ್ತಾರೆ.

"ಕೇಳಿ. ಈಗ ಬೆನ್ನು ಕೆಟ್ಟಿದೆ ಅನ್ನೋದು ಸಾಬೀತಾಗಿದೆ. ಆಗ ಬಿದ್ರಿ ಅನ್ನೋದಕ್ಕೆ ಕಣ್ಣಾರೆ ನೋಡಿದೋರು ಬರೆದುಕೊಡಬೇಕು. ಆ ಬಿದ್ದಿದ್ದಕ್ಕೂ ಈ ನೋವಿಗೂ ಸಂಬಂಧ ಇದೆ ಅಂತ ಡಾಕ್ಟರ್ ಬರೆಯಬೇಕು. ಖಂಡಿತ ಇದೆ ಅನ್ನಬೇಕಿಲ್ಲ. ಇರೋ ಸಾಧ್ಯತೆ ಇಲ್ಲದಿರೋ ಸಾಧ್ಯತೆಯಷ್ಟಾದ್ರೂ ಇದೆ ಅಂದ್ರೆ ಸಾಕು."

"ಅಂದ್ರೆ ಅರ್ಧಕ್ಕರ್ಧ?"

"ಅರ್ಧಕ್ಕರ್ಧ. ನೀವು ಬಿದ್ದಿದ್ದನ್ನ ಯಾರು ನೋಡಿದ್ರು?"

ಈ ಬಿದ್ದ ಕಥೆಯನ್ನು ನಾನು ನೂರು ಸಲ ಹೇಳಿದ್ದೇನೆ. ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಗಾರ್ಲಂಡನ ದೋಣಿಯಲ್ಲಿ. ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. "ಡ್ಯೂಯಿ ಇದ್ದ. ಡ್ಯೂಯಿ ಟ್ಯಾಕೆಟ್. ನನ್ನ ಟ್ಯಾಂಕಿನ ಸಿಪಾಯಿ," ಎಂದೆ.

ಲೂರೀನ್ ಫೇಸ್‌ಬುಕ್ಕಿನಲ್ಲಿ ಅರ್ಧ ಗಂಟೆಯಲ್ಲಿ ಅವನನ್ನು ಹಿಡಿದಳು. ರಾಜ್ಯದ ಗಡಿಯಾಚೆ ಟೆನೆಸಿಯಲ್ಲಿ, ನಮ್ಮ ಮನೆಯಿಂದ ಎರಡು ಗಂಟೆಯ ದಾರಿಯಲ್ಲಿ, ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದ. ಎರಡು ಗಂಟೆಯ ದಾರಿಯಲ್ಲಿದ್ದವನನ್ನು ನಾನು ಮೂವತ್ತನಾಲ್ಕು ವರ್ಷ ವಿಚಾರಿಸಿರಲಿಲ್ಲ.

ಅವನು ಬಾಗಿಲು ತೆರೆದವನೇ ನೆಟ್ಟಗೆ ನಿಂತು, "ಬನ್ನಿ ಸಾರ್ಜೆಂಟ್," ಎಂದ. ತಲೆ ಬೆಳ್ಳಗಾಗಿತ್ತು. ಬೀನ್ಸ್ ಬೇಯಿಸಿಟ್ಟು, ಮೆಕ್ಕೆಜೋಳದ ಬ್ರೆಡ್ ಸುಟ್ಟಿದ್ದ. ನನಗೆ ಮೆತ್ತನೆಯ ಕುರ್ಚಿ ಕೊಟ್ಟು ತಾನು ಒಲೆಯ ಪಕ್ಕ ನಿಂತುಕೊಂಡೇ ತಿಂದ. ನಾನು ಒಂದು ಗಂಟೆ ನನ್ನ ಬೆನ್ನಿನ ವಿಷಯ ಹೇಳಿದೆ: ಯಾವ ಎಲುಬು, ಯಾವ ನರ, ಲಾರಿಯಲ್ಲಿ ಎಷ್ಟು ಹೊತ್ತು ಕೂರಲಾರೆ, ಶೂ ಲೇಸು ಯಾರು ಕಟ್ಟುತ್ತಾರೆ. ಅವನು ತಾಳ್ಮೆಯಿಂದ ಕೇಳಿದ.

"ಬರೆದುಕೊಡ್ತೀನಿ ಸಾರ್ಜೆಂಟ್, ಅದಕ್ಕೇನಂತೆ. ನಿಮ್ಮನ್ನ ಎತ್ತಿದ್ದು ನಾನೇ ಅಲ್ವಾ."

ಒಲೆಯ ಪಕ್ಕದ ಕಟ್ಟೆಯ ಮೇಲೆ ಕಾಗದವಿಟ್ಟು ಸಣ್ಣ ಅಕ್ಷರದಲ್ಲಿ ಒಂದೂವರೆ ಪುಟ ಬರೆದ. ನಾನು ಅದನ್ನು ಅವನ ಅಂಗಳದಲ್ಲೇ ನನ್ನ ಗಾಡಿಯೊಳಗೆ ಕುಳಿತು ಓದಿದೆ. ಬಿದ್ದದ್ದು, ಕೊಕ್ಕೆ, ನಾನು ಬಿಟ್ಟ ಕೂಗು, ತನ್ನ ಹೆಗಲ ಮೇಲೆ ಹಾಕಿಕೊಂಡು ಡೇರೆಗೆ ಒಯ್ದದ್ದು ಎಲ್ಲ ಇತ್ತು. ಕೊನೆಯಲ್ಲಿ ಎರಡು ಸಾಲು: "ಆಮೇಲೆ ಐದು ವಾರ ಸಾರ್ಜೆಂಟ್‌ಗೆ ಭಾರ ಎತ್ತಲಾಗುತ್ತಿರಲಿಲ್ಲ. ರಿಪೇರಿಯಲ್ಲಿ ಅವರ ಪಾಲಿನ ಟ್ಯಾಂಕಿನ ಚಕ್ರಗಳನ್ನೂ ಅವುಗಳ ಸುತ್ತಲಿನ ಕಬ್ಬಿಣದ ಪಟ್ಟಿಯ ತುಂಡುಗಳನ್ನೂ ನಾನೇ ಎತ್ತಿದೆ." ನನಗೆ ಕುಣಿಯುವಷ್ಟು ಖುಷಿಯಾಯಿತು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ದಾರಿಯುದ್ದಕ್ಕೂ ಶಿಳ್ಳೆ ಹೊಡೆಯುತ್ತ ಬಂದೆ. ಪಂದ್ಯ ಗೆದ್ದ ಎತ್ತಿನ ಯಜಮಾನನ ಹಾಗಿತ್ತು ನನ್ನ ಸ್ಥಿತಿ.

ಒಡೆಸ್ಸಾ ಅದನ್ನು ಓದಿ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಒಳ್ಳೇ ಸಾಕ್ಷ್ಯ. ಡಾಕ್ಟರಿಗೂ ಇದು ಸಾಕು." ಆಮೇಲೆ ಕೇಳಿದರು: "ಟ್ಯಾಂಕಿನ ಒಂದು ಚಕ್ರ ಎಷ್ಟು ಭಾರ?"

"ಇಬ್ಬರು ಎತ್ತಬೇಕು, ಮೇಡಂ."

"ಇವರು ಐದು ವಾರ ಒಬ್ಬರೇ ಎತ್ತಿದಾರೆ. ಇವರ ಬೆನ್ನು ಹೇಗಿದೆ?"

ಅವನ ಮನೆಯಲ್ಲಿ ಎರಡು ತಟ್ಟೆ ಬೀನ್ಸ್ ತಿಂದು ಬಂದಿದ್ದೆ. ನೀನು ಹೇಗಿದ್ದೀಯ ಎಂದು ಕೇಳಿರಲಿಲ್ಲ.

ಮರುದಿನವೇ ಮತ್ತೆ ಹೋದೆ. ಡ್ಯೂಯಿ ಶೆಡ್ಡಿನಲ್ಲಿದ್ದ. ಯಂತ್ರಗಳನ್ನೆಲ್ಲ ಎದೆಯೆತ್ತರದ ಮೇಜಿನ ಮೇಲೆ ಜೋಡಿಸಿದ್ದ, ಬಗ್ಗುವುದೇ ಬೇಡ ಎಂದು.

"ನಿನ್ನ ಬೆನ್ನು ಹೇಗಿದೆಯಯ್ಯಾ?"

"ಇದೆ ಸಾರ್ಜೆಂಟ್. ಎರಡು ಸಲ ಕುಯ್ದಿದಾರೆ."

"ಯಾವಾಗಿಂದ?"

ಅವನು ಕೈಯಲ್ಲಿದ್ದ ಸ್ಪಾನರನ್ನು ಒರೆಸುತ್ತ ನಿಂತ. "ನಿಮಗೆ ನೆನಪಿಲ್ವಾ?"

"ಏನು?"

"ನಾಲ್ಕನೇ ವಾರ ನಾನು ಸಿಕ್ ಕಾಲ್‌ಗೆ ಚೀಟಿ ಬರ್ಕೊಂಡು ನಿಮ್ಮ ಹತ್ರ ತಂದೆ, ಸಹಿಗೆ. ನೀವು ಹರಿದು ಹಾಕಿದ್ರಿ. ನೀನು ಹೋದ್ರೆ ಒಬ್ಬನೇ ಯಾಕೆ ಎತ್ತಿದೆ ಅಂತ ಡಾಕ್ಟರ್ ಕೇಳ್ತಾನೆ, ನಾನು ಬಿದ್ದಿದ್ದು ಗೊತ್ತಾಗುತ್ತೆ, ಇನ್ನೊಂದು ವಾರ ತಡ್ಕೋ ಅಂದ್ರಿ. ತಡ್ಕೊಂಡೆ."

ನೆನಪಿರಲಿಲ್ಲ. ಪ್ರಮಾಣ ಮಾಡಿ ಹೇಳುತ್ತೇನೆ, ಒಂದು ಕ್ಷಣ ನಿಜವಾಗಿಯೂ ನೆನಪಿರಲಿಲ್ಲ. ಆಮೇಲೆ ಡೇರೆಯೊಳಗಿನ ಸೀಮೆಎಣ್ಣೆ ಒಲೆ ಕಣ್ಣಿಗೆ ಬಂತು, ಚೀಟಿಯ ಚೂರುಗಳನ್ನು ಅದಕ್ಕೆ ಹಾಕಿದ್ದು ಬಂತು. ನನ್ನ ನೋವನ್ನು ಯಾರೂ ಬರೆದಿಡಲಿಲ್ಲ ಎಂದು ಒಂಬತ್ತು ತಿಂಗಳು ಊರೆಲ್ಲ ಬೊಬ್ಬೆ ಹೊಡೆದಿದ್ದೆ. ಅವನದನ್ನು ಅವನು ಬರೆದಿದ್ದ. ಸುಟ್ಟವನು ನಾನು.

"ಯಾಕಯ್ಯಾ ನಿನ್ನೆ ಹೇಳಲಿಲ್ಲ?"

"ನಿನ್ನೆ ನಿಮ್ಮ ಬೆನ್ನಿನ ವಿಷಯ ಮಾತಾಡ್ತಿದ್ವಿ," ಎಂದ ಡ್ಯೂಯಿ. ಅದರಲ್ಲಿ ಕುಟುಕಿರಲಿಲ್ಲ. ಕುಟುಕಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಅರ್ಜಿಯನ್ನೇ ಹಾಕಿರಲಿಲ್ಲ. "ಏನಂತ ಹಾಕಲಿ? ಕಾಗದ ಇಲ್ಲ, ಸಾಕ್ಷಿ ಇಲ್ಲ. ಇದ್ದ ಒಬ್ಬ ಸಾಕ್ಷಿ ನೀವು. ಕೇಳೋಕೆ ಒಂಥರಾ ಆಯ್ತು."

ನಾನು ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಒಡೆಸ್ಸಾ ಬಳಿಗೆ ಕರೆತಂದೆ. ಇಬ್ಬರೂ ಅರ್ಧ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ರಸ್ತೆ ಬದಿ ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತೆವು. ಆ ಹದಿನಾಲ್ಕು ಮೆಟ್ಟಿಲನ್ನು ಎರಡು ಏಡಿಗಳು ಒಂದರ ಹಿಂದೆ ಒಂದು ಇಳಿದವು.

ಡ್ಯೂಯಿಗೆ ಸಾಕ್ಷಿಯಾಗಿ ನಾನು ಬರೆಯಬೇಕೆಂದಿದ್ದನ್ನು ಕೇಳಿ ಒಡೆಸ್ಸಾ ಪೆನ್ನು ಕೆಳಗಿಟ್ಟರು. "ಕ್ರಂಪ್ ಅವರೇ, ಒಂದು ಮಾತು ಹೇಳಿಬಿಡ್ತೀನಿ. ಇದಕ್ಕೆ ನೀವು ಸಹಿ ಹಾಕಿದ್ರೆ ಇದು ಸರ್ಕಾರದ ಕೈ ಸೇರುತ್ತೆ. ಗಾಯ ಮುಚ್ಚಿಟ್ಟವನು, ಕೈಕೆಳಗಿನವನ ಚೀಟಿ ಸುಟ್ಟವನು, ಫಾರ್ಮಿನಲ್ಲಿ ಸುಳ್ಳು ಬರೆದವನು. ನಿಮ್ಮ ಅರ್ಜಿ ನೋಡೋರು, ಇವನ ಯಾವ ಮಾತನ್ನ ನಂಬೋದು ಅಂತ ಕೇಳಬಹುದು."

ನಾನು ಧೀರನಂತೆ ತಕ್ಷಣ ಬರೆದೆ ಎಂದು ಹೇಳಲು ಆಸೆಯಿದೆ. ಹಾಗಾಗಲಿಲ್ಲ. ಕಾಫಿ ಕುಡಿದು ಬರುತ್ತೇನೆ ಎಂದು ಕೋಣೆಯ ಹೊರಗೆ ಹೋಗಿ ಇಪ್ಪತ್ತು ನಿಮಿಷ ನಿಂತೆ. ಸ್ವಲ್ಪ ಮೆತ್ತಗೆ ಬರೆಯಬಹುದಲ್ಲ ಎಂದು ಲೆಕ್ಕ ಹಾಕಿದೆ. ‘ಚೀಟಿ ಕಳೆದುಹೋಯಿತು’ ಎನ್ನಬಹುದು. ‘ಆಗಿನ ಪರಿಸ್ಥಿತಿಯಲ್ಲಿ’ ಎಂದು ಶುರುಮಾಡಬಹುದು. ಹೆದರಿಕೆಯಾಗಿತ್ತು, ಅಷ್ಟೇ. ಗಾಜಿನ ಬಾಗಿಲಿನಾಚೆ ಡ್ಯೂಯಿ ಕುರ್ಚಿಯಿದ್ದರೂ ಕೂರದೆ ಗೋಡೆಗೆ ಒರಗಿ ನಿಂತಿದ್ದ.

ಒಳಗೆ ಹೋಗಿ ಬರೆದೆ. "ಅವನು ವೈದ್ಯರ ಬಳಿ ಹೋಗಲು ಚೀಟಿ ತಂದ. ನಾನು ಹರಿದು ಒಲೆಗೆ ಹಾಕಿದೆ. ನಾನು ಬಿದ್ದದ್ದು ತಿಳಿಯಬಾರದೆಂದು ಹಾಗೆ ಮಾಡಿದೆ."

ಡ್ಯೂಯಿ ಓದಿ ನೋಡಿ, "ಇಷ್ಟು ಖಾರ ಬೇಕಿರಲಿಲ್ಲ, ಸಾರ್ಜೆಂಟ್," ಎಂದ.

"ಸುಮ್ನಿರಯ್ಯಾ," ಎಂದೆ.

ಇಬ್ಬರ ಡಾಕ್ಟರ್ ಪತ್ರಗಳೂ ಬಂದ ಮೇಲೆ ಎರಡು ಅರ್ಜಿಗಳೂ ಒಂದೇ ದಿನ ಹೋದವು. ಏಳು ತಿಂಗಳ ಮೇಲೆ ಡ್ಯೂಯಿಗೆ ಉತ್ತರ ಬಂತು: ಮಂಜೂರಾಗಿದೆ. ಅವನು ಅದರ ನಕಲನ್ನು ಅಂಚೆಯಲ್ಲಿ ಕಳಿಸಿದ. ನನ್ನದು ಇನ್ನೂ ಪರಿಶೀಲನೆಯಲ್ಲಿದೆ. ಖುಷಿಯಾಯಿತು ಎಂದು ಮಾತ್ರ ಹೇಳಿದರೆ ಸುಳ್ಳಾದೀತು. ಮೊದಲು ಹೊಟ್ಟೆ ಉರಿಯಿತು, ಖುಷಿ ಸ್ವಲ್ಪ ತಡವಾಗಿ ಬಂತು.

ಲೂರೀನ್ ಅಡುಗೆಮನೆಯಲ್ಲಿ ನಿಂತು ಪತ್ರವನ್ನು ಗಟ್ಟಿಯಾಗಿ ಓದಿದಳು. ಎರಡನೆಯ ಪುಟದಲ್ಲಿ ಹೀಗಿತ್ತು: "ಸಾರ್ಜೆಂಟ್ ಹೋಬರ್ಟ್ ಕ್ರಂಪ್ ಅವರ ಹೇಳಿಕೆ ಅವರ ಸ್ವಂತ ಹಿತಕ್ಕೆ ವಿರುದ್ಧವಾಗಿದೆ. ಆದ್ದರಿಂದ ಅದು ನಂಬಲು ಅರ್ಹ ಎಂದು ಭಾವಿಸಿದ್ದೇವೆ."

"ನೋಡು, ನಿನ್ನನ್ನ ನಂಬಿದಾರೆ," ಎಂದಳು.

"ಯಾವ ಮಾತನ್ನ ನಂಬಿದಾರೆ ನೋಡಿದ್ಯಾ? ಗಾರ್ಲಂಡ್‌ಗೆ ತೋರಿಸೋ ಹಾಗಿಲ್ಲ."

ಅವಳು ನಗಲಿಲ್ಲ. ಪತ್ರವನ್ನು ಮಡಿಸಿ ನನ್ನ ಮುಂದಿಟ್ಟು, ಎದುರಿಗೆ ಕುಳಿತಳು.

"ಹೋಬರ್ಟ್, ಮದುವೆಯಾದಾಗಿಂದ ನೀನು ಬಿದ್ದ ಕಥೆ ಕೇಳ್ತಾ ಇದೀನಿ. ಹಿಮ, ಟ್ಯಾಂಕು, ಕೊಕ್ಕೆ, ನೀನೇ ಎದ್ದೆ, ಮರುದಿನ ನೀನೇ ಚಕ್ರ ಎತ್ತಿದೆ. ಅಷ್ಟು ಸಲ ಹೇಳಿದೀಯಲ್ಲ, ಒಂದು ಸಲಾನಾದ್ರೂ ಅದರಲ್ಲಿ ಡ್ಯೂಯಿ ಇದ್ನಾ?"