ಗೋಡೆಯ ಬಿಳಿ

"ಇನ್ನೊಂದು ಚೂರು ನೀಲಿ ಆದ್ರೆ ನಾನು ನೀರಲ್ಲಿ ಮುಳುಗಿ ಎದ್ದು ಬಂದವಳ ಥರ ಕಾಣ್ತೀನಿ ಅಷ್ಟೇ," ಎಂದಳು ಹೆಂಡತಿ.

ಗೋಡೆಯ ಮೇಲೆ ಹಳೆಯ ವಿಡಿಯೋ ನಿಂತಿತ್ತು. ಸಮುದ್ರದ ದಂಡೆ, ಹೆಗಲಿಗೆ ಕೆಂಪು ಶಾಲು, ಸೊಂಟದ ಮೇಲೆ ಮಗಳು, ಅಂದಿನ ಅವಳು ನೀಲಿ ಮುಖ ಹೊತ್ತು ನಗುತ್ತಿದ್ದಳು.

"ಸ್ವಲ್ಪ ಸುಮ್ನಿರು. ಮುಖ ಸರಿ ಮಾಡ್ತಾ ಇದೀನಿ."

"ಈ ವಯಸ್ಸಲ್ಲಾ?"

ಬಣ್ಣದ ಮೇಷ್ಟ್ರು ನಗಲಿಲ್ಲ. ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಅವರಿಗೆ ಆ ಹೆಸರಿಟ್ಟವರು ಗಿರಾಕಿಗಳು. ಮಗಳು ಕಳಿಸಿದ್ದ ಪ್ರೊಜೆಕ್ಟರ್ ಅವರ ಬಲಗಣ್ಣಿನ ಪೊರೆ ತೆಗೆಸಿದ ವಾರವೇ ಬಂದಿತ್ತು. ಎಡಗಣ್ಣಿನ ಸರದಿ ಮುಂದಿನ ತಿಂಗಳು. ನಾಳೆ ಮತ್ತೆ ಅಂಗಡಿಗೆ ಹೋಗಬೇಕು, ಅದಕ್ಕೆ ಮೊದಲು ಹೊಸ ಕಣ್ಣನ್ನು ಮನೆಯಲ್ಲೇ ಪರೀಕ್ಷೆ ಮಾಡಿಬಿಡೋಣ ಎಂಬುದು ಅವರ ಲೆಕ್ಕಾಚಾರ. ಕಣ್ಣು ಕೈಕೊಟ್ಟರೆ ಬೆರೆಸುವ ಮೇಜನ್ನು ಬೇರೆಯವರಿಗೆ ಬಿಟ್ಟುಕೊಡಬೇಕು. ಆ ಭಯವನ್ನು ಅವರು ಯಾರೊಂದಿಗೂ ಬಾಯಿಬಿಟ್ಟಿರಲಿಲ್ಲ.

ಬ್ರೈಟ್‌ನೆಸ್ ಇಳಿಸಿದರು. ಕಾಂಟ್ರಾಸ್ಟ್ ಏರಿಸಿದರೆ ಮರಳು ಉಪ್ಪಿನ ರಾಶಿಯಂತಾಯಿತು, ಮತ್ತೆ ತಗ್ಗಿಸಿದರು. 'ವಾರ್ಮ್' ಎಂದಿದ್ದನ್ನು ಒತ್ತಿದರು. ನೀಲಿ ಕೊಂಚ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಕೊನೆಗೆ ರೋಸಿಹೋಗಿ ಕುರ್ಚಿಯ ಮೇಲಿದ್ದ ಬಿಳಿ ಟವೆಲನ್ನು ಗೋಡೆಗೆ ಅಡ್ಡ ಹಿಡಿದರು. ಟವೆಲಿನ ಮೇಲೆ ಬಿದ್ದ ಮುಖ ತನ್ನ ಬಣ್ಣದಲ್ಲೇ ಇತ್ತು. ಅದರ ಸುತ್ತಲಿದ್ದದ್ದೆಲ್ಲ ನೀಲಿ.

ಅವರು ಹೋಗಿ ಲೈಟ್ ಹಾಕಿದರು. ಬಲಗಣ್ಣು ಮುಚ್ಚಿದರೆ ಗೋಡೆ ಬಿಳಿ. ಎಡಗಣ್ಣು ಮುಚ್ಚಿದರೆ ತಿಳಿನೀಲಿ.

"ಇದು ಬಿಳಿ ಅಲ್ಲ."

"ಅಲ್ಲ," ಎಂದಳು ಹೆಂಡತಿ.

"ನಿನಗೆ ಗೊತ್ತಿತ್ತಾ?"

"ಅಕ್ಕನ ಮನೆಯಿಂದ ವಾಪಸ್ ಬಂದು ಬಾಗಿಲು ತೆಗೆದಾಗಲೇ ಗೊತ್ತಾಯ್ತು."

ಎರಡು ವರ್ಷದ ಹಿಂದೆ ಅವಳು ಊರಲ್ಲಿಲ್ಲದ ವಾರ ಮೇಷ್ಟ್ರು ಈ ಕೋಣೆಗೆ ಬಣ್ಣ ಹೊಡೆದಿದ್ದರು. ಎಷ್ಟು ಬೆರೆಸಿದರೂ ಬಿಳಿ ಮಾಸಲಾಗಿಯೇ ಕಂಡು, ಕಣ್ಣಿಗೆ ಶುಭ್ರ ಅನ್ನಿಸುವವರೆಗೂ ನೀಲಿಯ ತೊಟ್ಟು ಬಿಡುತ್ತಲೇ ಹೋಗಿದ್ದು ನೆನಪಾಯಿತು. ಮಾಸಿದ್ದು ಬಣ್ಣವಲ್ಲ, ಅವರ ಕಣ್ಣು. ಮೇಷ್ಟ್ರು ಕುರ್ಚಿಯಲ್ಲಿ ಕುಳಿತರು.

"ಹಾಗಾದ್ರೆ ಎರಡು ವರ್ಷದಿಂದ ಊರಿಗೆಲ್ಲ ನೀಲಿ ಬಳಿಸಿದೀನಿ. ಒಬ್ಬನಾದ್ರೂ ಬಂದು ಬೈಬೇಕಿತ್ತಲ್ಲೇ?"

"ಯಾಕೆ ಬೈತಾರೆ? ಚೆನ್ನಾಗೇ ಇತ್ತು," ಎಂದು ಅವಳು ಟವೆಲ್ ಮಡಿಸತೊಡಗಿದಳು.

ಆ 'ಚೆನ್ನಾಗೇ ಇತ್ತು' ಅವರನ್ನು ತಡೆದು ನಿಲ್ಲಿಸಿತು. ಮೊದಲೆಲ್ಲ ಬುತ್ತಿಯನ್ನು ಬೆಳಿಗ್ಗೆ ಅವರೇ ಒಯ್ಯುತ್ತಿದ್ದರು. ಅಕ್ಕನ ಮನೆಯಿಂದ ಬಂದ ಮೇಲೆ, ಬಿಸಿ ಊಟ ಮಾಡಿ ಎಂಬ ನೆಪದಲ್ಲಿ ಅವಳೇ ಮಧ್ಯಾಹ್ನ ಅಂಗಡಿಗೆ ಬರತೊಡಗಿದ್ದಳು. ಅವರು ಉಣ್ಣುವಾಗ ತೆರೆದ ಡಬ್ಬಗಳನ್ನು ಬಗ್ಗಿ ನೋಡಿ, "ಇದಕ್ಕೆ ನೀಲಿ ಒಂಚೂರು ಜಾಸ್ತಿ ಆಯ್ತೇನೋಪ್ಪ," ಎನ್ನುವಳು. ಮೂಗು ತೂರಿಸುತ್ತಾಳೆಂದು ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. ಗಿರಾಕಿಗಳ ಮುಂದೆ ಜಗಳ ಯಾಕೆಂದು ಹಲ್ಲು ಕಚ್ಚಿ ತಿದ್ದುತ್ತಿದ್ದರು. ಡಬ್ಬಗಳ ಮುಚ್ಚಳ ಬಡಿಯುತ್ತಿದ್ದದ್ದು ಊಟವಾದ ಮೇಲೆ, ಅಂದರೆ ಅವಳು ನೋಡಿದ ಮೇಲೆಯೇ.

"ಮೊದಲೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ಮಾರನೇ ದಿನವೇ ಕೆಲಸ ಬಿಟ್ಟು ಬರ್ತಿದ್ರಿ. ಇಡೀ ದಿನ ನಿಮ್ಮನ್ನ ಮನೇಲಿಟ್ಕೊಂಡು ನಾನು ಬದುಕೋದು ಹೇಗೆ? ಕಣ್ಣು ತೋರಿಸಿ, ಕಣ್ಣು ತೋರಿಸಿ ಅಂತ ತಲೆ ತಿಂದಿದ್ದು ಮತ್ಯಾಕೆ ಅಂದ್ಕೊಂಡ್ರಿ?"

ಮೇಷ್ಟ್ರಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ಲೈಟ್ ಆರಿಸಿ ಮತ್ತೆ ರಿಮೋಟ್ ಹಿಡಿದರು. ಈ ಸಲ ಗೊಂದಲವಿರಲಿಲ್ಲ. ಗೋಡೆಯಲ್ಲಿ ಹೆಚ್ಚಿದ್ದ ನೀಲಿಯನ್ನು ಬೆಳಕಿನಲ್ಲಿ ಕಳೆಯುತ್ತಾ ಬಂದರು. ಗೋಧಿ ಬಣ್ಣದ ಕೆನ್ನೆ, ಒದ್ದೆ ಮರಳು, ಮಗುವಿನ ಕಪ್ಪು ಕೂದಲು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು.

"ಬಂತು ನೋಡಿ!" ಎಂದಳು ಹೆಂಡತಿ.

ಬಂದಿತ್ತು. ಕಣ್ಣು ಸರಿಯಿದೆ, ನಾಳೆ ಧೈರ್ಯವಾಗಿ ಮೇಜಿನ ಮುಂದೆ ನಿಲ್ಲಬಹುದು. ಮೇಷ್ಟ್ರು ಉಸಿರು ಬಿಟ್ಟರು.

"ಆದ್ರೆ ನನ್ನ ಶಾಲು ಇದಕ್ಕಿಂತ ಕೆಂಪಗಿತ್ತು," ಎಂದಳು ಅವಳು.

ಇರಲಿಲ್ಲ. ಅದು ಇಟ್ಟಿಗೆಯ ಕೆಂಪು, ಈಗ ಗೋಡೆಯ ಮೇಲೆ ಇದ್ದದ್ದು ಅದೇ. ಬಣ್ಣದ ಮಾತಿನಲ್ಲಿ ಇಷ್ಟು ವರ್ಷ ಒಬ್ಬರಿಗೂ ಸೋಲದ ಮೇಷ್ಟ್ರು ರಿಮೋಟನ್ನು ಅವಳ ಕೈಗಿಟ್ಟು, ಯಾವ ಗುಂಡಿ ಎಂದು ತೋರಿಸಿದರು. ಅವಳು ಒತ್ತಿದಳು, ಇನ್ನೂ ಒತ್ತಿದಳು. ಶಾಲು ಧಗಧಗಿಸಿತು. ಮಗುವಿನ ಕೆನ್ನೆ ಟೊಮೆಟೊ ಆಯಿತು, ಮರಳಿಗೂ ಗುಲಾಬಿ ಹತ್ತಿತು.

"ಹೀಗಿತ್ತು ಅಲ್ವಾ?"

ಮೇಷ್ಟ್ರು ಎಡಗಣ್ಣು ಮುಚ್ಚಿ, ಹೊಸ ಕಣ್ಣಿನಿಂದ ತುಂಬ ಹೊತ್ತು ನೋಡಿದರು.

"ಹೂಂ, ಹೀಗೇ ಇತ್ತು," ಎಂದರು.

ಅವಳು ವಿಡಿಯೋ ಬಿಟ್ಟಳು. ಗುಲಾಬಿ ದಂಡೆಯ ಮೇಲೆ ಅಲೆಯೊಂದು ಬಂದು ಅವಳ ಪಾದ ತೋಯಿಸಿ ಹಿಂದೆ ಸರಿಯಿತು.