ವಾಲ್ವ್ ಮುಚ್ಚಿದವಳ ಸಂಬಳ

ಶಿಗ್ಗಾವಿಯ ಹೊರಗೆ ಹೆದ್ದಾರಿಯ ಪಕ್ಕದಲ್ಲಿ ಗ್ಯಾಸ್ ಪೈಪ್‌ಲೈನ್ ಕಂಪನಿಯೊಂದರ ಸಣ್ಣ ಕಚೇರಿಯಿದೆ. ಅಲ್ಲಿಂದ ಹಾನಗಲ್ಲಿನವರೆಗೆ ನೆಲದಡಿ ಹೋಗುವ ಕೊಳವೆಗೆ ದಿಲ್ಶಾದ ಮ್ಯಾನೇಜರ್. ಸವಣೂರಿನ ವೀಳ್ಯದೆಲೆ ವ್ಯಾಪಾರಿ ದಸ್ತಗೀರಸಾಬರ ಮಗಳು. ಇಂಜಿನಿಯರಿಂಗ್ ಓದಿ, ಗುಜರಾತಿನಲ್ಲಿ ಕೆಲವು ವರ್ಷ ಇದೇ ಕೆಲಸ ಮಾಡಿ, ಮದುವೆಯಾದ ಮೇಲೆ ಊರ ಕಡೆ ಬಂದವಳು. ಗಂಡ ವಸೀಮನಿಗೆ ಸವಣೂರಿನಲ್ಲಿ ಬಟ್ಟೆ ಅಂಗಡಿ. ದಿನಾ ಬೆಳಿಗ್ಗೆ ಸ್ಕೂಟಿಯಲ್ಲಿ ಶಿಗ್ಗಾವಿಗೆ ಬಂದರೆ, ಅವಳ ಮುಂದಿನ ಕಂಪ್ಯೂಟರ್ ಪರದೆಯ ಮೇಲೆ ಇಡೀ ಕೊಳವೆ ಹಸಿರು ಗೆರೆಯಾಗಿ ಕಾಣುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ಅಕ್ಕಿಆಲೂರಿನಿಂದ ಫೋನ್ ಬಂತು. ರೈಸ್ ಮಿಲ್ಲಿನ ಗುದ್ಲೆಪ್ಪ ಒದರುತ್ತಿದ್ದ.

"ಮೇಡಂ, ನಮ್ಮ ಮಿಲ್ಲಿನ ಹಿಂದ ಜೆಸಿಬಿ ಕಾಲುವಿ ತೋಡಾಕತ್ತಿತ್ರಿ. ಏನೋ ತಾಗ್ತು. ಸುಂಯ್ ಅಂತ ಸಪ್ಪಳ, ಮೂಗು ಬಿಡಾಕ ಆಗವಲ್ದು ಅಂಥಾ ವಾಸನಿ!"

"ಜೆಸಿಬಿ ಬಂದ್ ಮಾಡಿಸ್ರಿ. ಎಲ್ಲಾರನೂ ದೂರ ಕಳಸ್ರಿ. ಯಾರೂ ಬೀಡಿ ಹಚ್ಚಬಾರ್ದು" ಎನ್ನುತ್ತಲೇ ದಿಲ್ಶಾದ ಪರದೆಯ ಮೇಲಿನ ಗುರುತು ಒತ್ತಿ ಗ್ಯಾಸ್ ತಡೆಯುವ ವಾಲ್ವ್ ಮುಚ್ಚಿದಳು. ಹಸಿರು ಗೆರೆ ಕೆಂಪಾಯಿತು. ಹಾನಗಲ್ಲಿನ ಹೋಟೆಲುಗಳು, ಹಾಸ್ಟೆಲಿನ ಅಡುಗೆಮನೆಗಳು, ನೂರಾರು ಮನೆಗಳ ಒಲೆಗಳು ಸಂಜೆಯವರೆಗೆ ಆರಿದವು. ಬೈಗುಳದ ಫೋನುಗಳು ಬಂದವು. ಆದರೆ ಯಾರಿಗೂ ಕೂದಲು ಕೊಂಕಲಿಲ್ಲ. ಗುದ್ಲೆಪ್ಪ ಮರುದಿನ ಕಚೇರಿಗೇ ಬಂದು ಒಂದು ಚೀಲ ಅಕ್ಕಿ ಇಟ್ಟು, ಬ್ಯಾಡ ಬ್ಯಾಡ ಎಂದರೂ ಕೇಳದೆ ಹೋದ.

ಏಪ್ರಿಲ್‌ನಲ್ಲಿ ಸಂಬಳ ಏರಿಕೆಯ ಮಾತುಕತೆಗೆ ಎಲ್ಲ ಮ್ಯಾನೇಜರುಗಳನ್ನೂ ಹುಬ್ಬಳ್ಳಿಯ ಮುಖ್ಯ ಕಚೇರಿಗೆ ಕರೆದರು. ದಿಲ್ಶಾದ ಹಸನ್ಮುಖಿಯಾಗಿಯೇ ಹೋದಳು. ಸಂಬಳ ನೋಡಿಕೊಳ್ಳುವ ಅಧಿಕಾರಿ ರುದ್ರೇಶ ಸಭ್ಯ ಮನುಷ್ಯ. ಕುರ್ಚಿ ಎಳೆದು ಕೊಟ್ಟ.

"ಕುಂದರ್ರಿ ಮೇಡಂ. ನಿಮ್ಮ ಓದು, ಅನುಭವ, ಸುರಕ್ಷತಾ ಸರ್ಟಿಫಿಕೇಟು, ನಿಮ್ಮ ಕೈಯಾಗಿರೋ ಲೈನಿನ ಉದ್ದ, ಎಲ್ಲಾ ಚಲೋ ಅದಾವ. ಮೂಲ ಸಂಬಳಕ್ಕ ಏನೂ ತೊಂದ್ರಿ ಇಲ್ಲ. ಆದ್ರ..." ಎಂದು ತಡೆದ. "ಮ್ಯಾನೇಜರ್ ಸಂಬಳದಾಗ ಮೂರನೇ ಒಂದು ಪಾಲು ಕೆಲಸಕ್ಕ ಹಾಕೋ ಅಂಕದ ಮ್ಯಾಲಿಂದು. ಈ ಸಲದ ಲೆಕ್ಕದಿಂದ ಅದರಾಗ ದೊಡ್ಡ ಅಂಕ ಗ್ಯಾಸ್ ನಿಲ್ಲದ ಪೂರೈಕಿಗೆ ಇಟ್ಟಾರ. ನಿಮ್ಮ ಲೈನ್ ಒಂದಿನ ಪೂರ್ತಿ ಬಂದ್ ಆಗಿತ್ತಲ್ರಿ. ಆ ಪಾಲು ಹೋತು."

ದಿಲ್ಶಾದಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ನಾನ ಬಂದ್ ಮಾಡಿದ್ದು. ಕೊಳವಿ ಒಡದಿತ್ತು."

"ಗೊತ್ತೈತ್ರಿ."

"ಬಂದ್ ಮಾಡದಿದ್ರ ಮಿಲ್ ಹಾರಿ ಹೋಗ್ತಿತ್ತು, ರುದ್ರೇಶ ಸರ್."

"ಅದೂ ಗೊತ್ತೈತಿ. ಆದ್ರ ಯಾಕ ನಿಲ್ತು ಅಂತ ಅಂಕ ಕೇಳೂದಿಲ್ರಿ. ನಿಲ್ತೋ ಇಲ್ಲೋ, ಅಷ್ಟ. ಇದನ್ನ ಮಾಡಿದವ್ರು ನಾನಲ್ಲ" ಎಂದು ಅವನು ಗ್ಲಾಸಿನ ನೀರನ್ನು ಅವಳ ಕಡೆ ಸರಿಸಿದ. ಅವಳು ಅದನ್ನು ಮುಟ್ಟಲಿಲ್ಲ. ಹೊರಗೆ ಬಂದಾಗ ಲಿಫ್ಟಿನ ಗುಂಡಿ ಒತ್ತುವುದನ್ನು ಮರೆತು ಅದರ ಬಾಗಿಲ ಮುಂದೆ ಸುಮ್ಮನೆ ನಿಂತಿದ್ದಳು.

ಹಿರೇಕೆರೂರು ಭಾಗದ ಮ್ಯಾನೇಜರ್ ಶಂಭುಲಿಂಗ ಅವಳನ್ನು ತನ್ನ ಕಾರಿನಲ್ಲಿ ಕರೆದುಕೊಂಡು ಹೊರಟ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ವಯಸ್ಸಿನಲ್ಲಿ ಅವನು ದೊಡ್ಡವನು, ತಮಾಷೆಯ ಮನುಷ್ಯ. ಅವಳು ನಡೆದದ್ದೆಲ್ಲ ಹೇಳಿದಳು. ತಡಸ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ಅವನು ಅತ್ತಿತ್ತ ನೋಡಿ, ದನಿ ಇಳಿಸಿದ.

"ನನಗ ಪೂರ್ತಿ ಅಂಕ ಬಂದಾವ, ದಿಲ್ಶಾದ."

"ಚಲೋ ಆತಲ್ರಿ."

"ಚಲೋ ಏನಿಲ್ಲ. ಹ್ವಾದ ಮಳಿಗಾಲದಾಗ ರಟ್ಟೀಹಳ್ಳಿ ಬಸ್ ಸ್ಟ್ಯಾಂಡ್ ಹತ್ರ ವಾಸನಿ ಬಂದಿತ್ತು. ಹೊಸಾ ನಿಯಮ ಬರ್ತೇತಿ ಅಂತ ಹುಬ್ಬಳ್ಳಿಯವ್ರು ಒಬ್ರು ಅಷ್ಟರಾಗ ನನಗ ಕಿವಿಯಾಗ ಹೇಳಿದ್ರು ನೋಡು. ನಾ ವಾಲ್ವ್ ಮುಚ್ಚಲಿಲ್ಲ. ರಸ್ತೆ ಕೆಲಸ ಅಂತ ಹೇಳಿ ಸುತ್ತ ಹಗ್ಗ ಕಟ್ಟಿಸಿದೆ. ಲೈನ್ ಚಾಲೂ ಇದ್ದಂಗನ ಸೋರೋ ಜಾಗಕ್ಕ ಕ್ಲ್ಯಾಂಪಿನ ಪಟ್ಟಿ ಬಿಗಿಸಿದೆ. ಬಸ್ಸು ಬರೂವು ಬರಾಕತ್ತಿದ್ವು, ಜನ ಹತ್ತಾಕತ್ತಿದ್ರು."

ದಿಲ್ಶಾದ ಚಹಾ ಕಪ್ಪನ್ನು ಕೆಳಗಿಟ್ಟಳು.

"ಜನ ಇದ್ರು, ಶಂಭಣ್ಣ?"

"ಇದ್ರು."

"ಯಾರರ ಸಿಗರೇಟ್ ಹಚ್ಚಿದ್ರ?"

"ಹಚ್ಚಲಿಲ್ಲಲ್ಲ!" ಎಂದ ಅವನು ಥಟ್ಟನೆ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ಮಗಳು ಶೀಲಾಗ ಡಾಕ್ಟರ್ ಓದಿಸಾಕತ್ತೇನಿ. ಮೂರನೇ ಒಂದು ಪಾಲು ಸಂಬಳ ಅಂದ್ರ ಸಣ್ಣ ಮಾತಲ್ಲ ತಂಗಿ" ಎಂದ.

ಶಿಗ್ಗಾವಿಯಲ್ಲಿ ಅವಳು ಕಾರಿನಿಂದ ಇಳಿದು ತನ್ನ ಸ್ಕೂಟಿಯತ್ತ ನಡೆದಳು. ಇಂಥ ಮನುಷ್ಯನ ಜೊತೆ ಇಷ್ಟು ವರ್ಷ ಸಭೆಗಳಲ್ಲಿ ಊಟದ ಡಬ್ಬಿ ಹಂಚಿಕೊಂಡೆನೇ ಎಂದು ಅವಳಿಗೆ ಮೈ ಜುಮ್ಮೆಂದಿತು. ರಾತ್ರಿ ವಸೀಮನಿಗೆ ಹೇಳಿದಳು. ಅವನೂ ಬೆರಗಾದ. ಆದರೆ ಸ್ವಲ್ಪ ಹೊತ್ತಿನ ಮೇಲೆ, "ಮನಿ ಮ್ಯಾಲೆ ಎರಡು ಖೋಲಿ ಕಟ್ಟಿಸೂದು ಈ ವರ್ಷಕ್ಕ ಬಿಟ್ಟಂಗ ಆತು, ಹೌದಿಲ್ಲೋ?" ಎಂದು ಮೆಲ್ಲಗೆ ಕೇಳಿದ. ಅದು ಆಕ್ಷೇಪಣೆಯೇನಲ್ಲ. ಆದರೂ ಆ ಮಾತು ಅವಳಲ್ಲಿ ಉಳಿಯಿತು.

ಜೂನ್ ತಿಂಗಳು. ಬಿತ್ತನೆ ನಡೆದಿತ್ತು. ಒಂದು ಮುಂಜಾನೆ ದುಂಡಸಿಯಿಂದ ಹೆಂಗಸೊಬ್ಬಳ ಫೋನ್.

"ನಾ ಮರಿಯಮಬಿ ಮಾತಾಡಾಕತ್ತೇನಿ. ನಮ್ಮ ಓಣ್ಯಾಗ ಗ್ಯಾಸಿನ ವಾಸನಿ ಬರಾಕತ್ತೇತ್ರಿ. ನಿಮ್ಮ ಕೊಳವಿ ಗುರುತಿನ ಕಂಬದ ಮ್ಯಾಲೆ ಈ ನಂಬರ್ ಬರದಿತ್ತು."

ದಿಲ್ಶಾದಳ ಬೆರಳು ವಾಲ್ವಿನ ಗುರುತಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ಚರಂಡಿ ವಾಸನೆಯನ್ನು ಗ್ಯಾಸ್ ಎಂದು ಜನ ಫೋನ್ ಮಾಡುವುದು ಹೊಸದಲ್ಲ. ಹೊಸ ವರ್ಷದ ಲೆಕ್ಕ ಈಗಷ್ಟೇ ಶುರುವಾಗಿದೆ. ಈಗ ಮುಚ್ಚಿದರೆ ಇಡೀ ವರ್ಷ ಹೋಯಿತು.

"ಖಾತ್ರಿ ಐತೇನ್ರಿ? ಗಟಾರದ್ದ ಇರಬಹುದು. ಸ್ವಲ್ಪ ತಡೀರಿ, ನಮ್ಮ ಮನಶ್ಯಾನ್ನ ಕಳಸ್ತೇನಿ" ಎಂದಳು.

ತಂತ್ರಜ್ಞ ಇಸಾಕ ಆಗಲೇ ಬೈಕಿನ ಕೀಲಿ ಹಿಡಿದು ಎದ್ದಿದ್ದ. "ಲೈನ್ ಮುಚ್ಚಲಿಲ್ಲೇನ್ರಿ?" ಎಂದು ಕೇಳಿದ.

"ಮದ್ಲ ಹೋಗಿ ನೋಡು."

ಅವನು ಅವಳನ್ನು ಒಂದು ಕ್ಷಣ ನೋಡಿ ಹೋದ. ಅವಳು ಪರದೆಯನ್ನೇ ನೋಡುತ್ತ ಕುಳಿತಳು. ಒತ್ತಡದ ಅಂಕಿ ತುಸು ಇಳಿದಂತೆ ಕಂಡಿತು. ಬೆಳಿಗ್ಗೆ ಎಲ್ಲರೂ ಅಡುಗೆ ಮಾಡುವ ಹೊತ್ತು, ಇಳಿಯುವುದು ಸಹಜ ಎಂದುಕೊಂಡಳು. ಇನ್ನೂ ಇಳಿಯಿತು. ಇಸಾಕ ದುಂಡಸಿ ಮುಟ್ಟಿರಬೇಕು ಎಂದುಕೊಂಡಳು. ಅವನಿನ್ನೂ ದಾರಿಯಲ್ಲೇ ಇದ್ದ.

ಮತ್ತೆ ಫೋನ್. ಮರಿಯಮಬಿಯೇ.

"ನಿಮ್ಮ ಮನಶ್ಯಾ ಇನ್ನೂ ಬಂದಿಲ್ರಿ. ಹುಡುಗರು ಸಾಲಿಗೆ ಹೋಗಬೇಕು, ಹಸದಾವ. ಗಟಾರದ್ದ ಅಂದ್ರಲ್ಲ ನೀವು? ಹಂಗಾರ ಒಲಿ ಹಚ್ಚಲೇನ್ರಿ?"

ಆ ಹೆಂಗಸು ತನ್ನನ್ನು ನಂಬಿ ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ನಿಂತಿದ್ದಾಳೆ ಎಂದು ದಿಲ್ಶಾದಳಿಗೆ ಹೊಳೆಯಿತು.

"ಬ್ಯಾಡ!" ಎಂದು ಕಿರುಚಿದಳು. "ಹಚ್ಚಬ್ಯಾಡ್ರಿ! ಲೈಟ್ ಸ್ವಿಚ್ಚೂ ಮುಟ್ಟಬ್ಯಾಡ್ರಿ! ಹುಡುಗರನ್ನ ಕರ್ಕೊಂಡು ಹೊರಗ ಓಡ್ರಿ, ಓಣ್ಯಾಗಿನವ್ರಿಗೆಲ್ಲಾ ಹೇಳ್ರಿ, ಊರ ಹೊರಗ ಹೋಗ್ರಿ!"

ವಾಲ್ವ್ ಮುಚ್ಚಿದಳು.

ಇಸಾಕನ ಫೋನ್ ಬಂದಾಗ ಅವನ ದನಿ ಗುರುತೇ ಸಿಗಲಿಲ್ಲ. "ಮೇಡಂ, ಕೊಳವಿ ಬೆಸುಗಿ ಬಿಟ್ಟೇತಿ. ಗ್ಯಾಸ್ ಗಟಾರದಾಗ ತುಂಬೇತಿ, ಮನಿಗಳ ತಳದಾಗ. ಗ್ಯಾಸ್ ಅಳಿಯೋ ಮೀಟರ್ ಕಿರುಚಾಕತ್ತೇತಿ. ಅಂಗನವಾಡಿ ಮುಂದನೂ ಐತಿ. ಜನ ಎಲ್ಲಾ ಹೊರಗ ಬಂದಾರ." ಆಮೇಲೆ ಹೇಳಿದ: "ಒಂದು ಕಿಡಿ ಬಿದ್ದಿದ್ರ ಈ ಓಣಿ ಇರ್ತಿದ್ದಿಲ್ರಿ."

ಅವಳು ಜೀಪು ಹತ್ತಿ ದುಂಡಸಿಗೆ ಹೋದಳು. ದುರಸ್ತಿ ಮುಗಿಯುವವರೆಗೆ ಬಿಸಿಲಲ್ಲೇ ನಿಂತಿದ್ದಳು. ಆದರೆ ಬೇವಿನ ಮರದಡಿ ಮಕ್ಕಳನ್ನು ಕೂರಿಸಿಕೊಂಡಿದ್ದ ಹೆಂಗಸರ ಕಡೆ ಹೋಗುವ ಧೈರ್ಯ ಬರಲಿಲ್ಲ.

ಮರುವಾರ ಹುಬ್ಬಳ್ಳಿಯಲ್ಲಿ ಮ್ಯಾನೇಜರುಗಳ ತಿಂಗಳ ಸಭೆ. ಮುಂಬೈಯಿಂದ ದೊಡ್ಡ ಅಧಿಕಾರಿಗಳೂ ಪರದೆಯ ಮೇಲೆ ಸೇರಿದ್ದರು. ದುಂಡಸಿಯ ಘಟನೆಯ ಬಗ್ಗೆ ದಿಲ್ಶಾದ ವರದಿ ಕೊಡಬೇಕಿತ್ತು. ಅವಳು ಎದ್ದು ನಿಂತಳು.

"ಫೋನ್ ಬಂದ ಕೂಡ್ಲೆ ನಾನು ವಾಲ್ವ್ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಮುಚ್ಚಿದ್ರ ಸಂಬಳ ಹೋಗ್ತೇತಿ ಅಂತ ತಡಾ ಮಾಡಿದೆ. ಅದರ ಸಲುವಾಗಿ ಒಂದು ಓಣಿ ಜನ ಸಾಯ್ತಿದ್ರು."

ಯಾರೋ ಪೆನ್ನು ಬೀಳಿಸಿದರು. ರುದ್ರೇಶ ಬಿಳಿಚಿಕೊಂಡ. "ಮೇಡಂ, ಇದು ರೆಕಾರ್ಡ್ ಆಗಾಕತ್ತೇತಿ. ಆಮ್ಯಾಲೆ ಮಾತಾಡೂಣು" ಎಂದ.

"ಆಗ್ಲಿ ಬಿಡ್ರಿ. ಜನವರಿಯಾಗ ಇದ ಕೈ ಯೋಚನಿ ಮಾಡದ ಮುಚ್ಚಿತ್ತು. ಜೂನಿನಾಗ ಯಾಕ ನಿಂತು? ನಾ ಬ್ಯಾರೆಯವ್ರನ್ನ ಕೆಟ್ಟವ್ರು ಅಂದ್ಕೊಂಡಿದ್ದೆ. ಎರಡ ತಿಂಗಳಾಗ ನಾನೂ ಅಂಥಾಕಿ ಆದೆ."

ಆಗ ಶಂಭುಲಿಂಗ ಎದ್ದ. ಟೇಬಲ್ಲಿನ ಅಂಚು ಹಿಡಿದುಕೊಂಡೇ, "ರಟ್ಟೀಹಳ್ಳಿಯಾಗ ನಾನೂ ಇದ ಮಾಡೇನ್ರಿ" ಎಂದ. ಅವನು ಹೇಳಿ ಮುಗಿಸುವಷ್ಟರಲ್ಲಿ, ಗದಗ ಕಡೆಯ ಒಬ್ಬ ಮ್ಯಾನೇಜರ್, ಅವಳು ಒಮ್ಮೆಯೂ ಮಾತಾಡಿಸಿರದವನು, ಮುಖ ಮುಚ್ಚಿಕೊಂಡು ಕುಳಿತುಬಿಟ್ಟಿದ್ದ. ರುದ್ರೇಶ ಒಬ್ಬೊಬ್ಬರ ಮುಖವನ್ನೂ ನೋಡಿದ. "ಎಷ್ಟು ಮಂದಿ ಅದೀರಿ?" ಎಂದು ಕೇಳಿದ. ಮುಂಬೈಯವರು ಪರದೆಯನ್ನು ಆರಿಸಿದರು.

ವಿಚಾರಣೆ ನಡೆಯಿತು. ದಿಲ್ಶಾದಳನ್ನೂ ಶಂಭುಲಿಂಗನನ್ನೂ ಕೆಲವು ವಾರ ಕೆಲಸದಿಂದ ದೂರ ಇಟ್ಟರು. ಶಂಭುಲಿಂಗನನ್ನು ಮ್ಯಾನೇಜರ್ ಸ್ಥಾನದಿಂದ ಇಳಿಸಿ ಉಗ್ರಾಣಕ್ಕೆ ಹಾಕಿದರು. ದಿಲ್ಶಾದಳಿಗೆ ಕಟ್ಟುನಿಟ್ಟಿನ ಎಚ್ಚರಿಕೆ ಸಿಕ್ಕಿತು, ಆ ವರ್ಷದ ಏರಿಕೆ ಪೂರ್ತಿ ನಿಂತಿತು. ಗ್ಯಾಸ್ ನಿಲ್ಲದ್ದಕ್ಕೆ ಕೊಡುತ್ತಿದ್ದ ಅಂಕವನ್ನು ಮಾತ್ರ ಕಂಪನಿ ಸದ್ದಿಲ್ಲದೆ ತೆಗೆಯಿತು. ಅನುಮಾನ ಬಂದ ಕೂಡಲೇ ಮುಚ್ಚಿದರೆ, ಆಮೇಲೆ ಅದು ಚರಂಡಿ ವಾಸನೆಯೆಂದೇ ತಿಳಿದರೂ ಸಂಬಳಕ್ಕೆ ಧಕ್ಕೆಯಿಲ್ಲ ಎಂದು ಸುತ್ತೋಲೆ ಬಂತು. ಅದನ್ನು ಓದಿ ಹೇಳಲು ರುದ್ರೇಶ ತಾನೇ ಫೋನ್ ಮಾಡಿದ. "ನಾನೂ ಅಂಕ ಹಾಕ್ತಿದ್ದೆ, ಒಮ್ಮೆನೂ ಕೇಳಲಿಲ್ಲ ನೋಡ್ರಿ" ಎಂದು ಹೇಳಿ ಫೋನ್ ಇಟ್ಟ.

ಕೆಲಸಕ್ಕೆ ಮರಳಿದ ಮೊದಲ ದಿನ ದಿಲ್ಶಾದ ದುಂಡಸಿಗೆ ಹೋದಳು. ಮರಿಯಮಬಿ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಫೋನಿನ ಮೇಡಂ ಎಂದು ತಿಳಿದು ಸಂಭ್ರಮಪಟ್ಟಳು. "ನೀವು ಒದರದಿದ್ರ ನಾವು ಇರ್ತಿದ್ದಿಲ್ರಿ. ಬರ್ರಿ, ಚಹಾ ಮಾಡ್ತೇನಿ" ಎಂದು ಕೈ ಹಿಡಿದಳು.

ಕೈ ಹಿಡಿದಿದ್ದಂತೆಯೇ ದಿಲ್ಶಾದ ಎಲ್ಲವನ್ನೂ ಹೇಳಿದಳು. ಮೊದಲ ಫೋನಿಗೇ ಮುಚ್ಚಬಹುದಿತ್ತು ಎಂಬುದನ್ನು, ಯಾಕೆ ಮುಚ್ಚಲಿಲ್ಲ ಎಂಬುದನ್ನು.

ಮರಿಯಮಬಿಯ ಹಿಡಿತ ಮೆಲ್ಲಗೆ ಸಡಿಲಿತು. ಹೊಸ್ತಿಲಲ್ಲಿ ಆಡುತ್ತಿದ್ದ ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

"ಪಗಾರದ ಸಲುವಾಗಿ?" ಎಂದಳು.

"ಹೌದ್ರಿ."

ಮರಿಯಮಬಿ ಮಗಳನ್ನು ಎತ್ತಿಕೊಂಡು ಎದ್ದಳು. "ನೀವು ಹೋಗ್ರಿ ಈಗ" ಎಂದಳು. ಬೈಗುಳವಿರಲಿಲ್ಲ, ಚಹಾದ ಮಾತೂ ಇರಲಿಲ್ಲ. ದಿಲ್ಶಾದ ತಲೆ ಬಾಗಿಸಿ ಜೀಪಿನ ಕಡೆ ನಡೆದಳು. ಹಿಂದೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.