ಚಿರತೆಯ ಸೊಂಟದ ಹಸಿರು ನೂಲು

ಅಮಾವಾಸ್ಯೆ ಬಂದರೆ ರಾಚಪ್ಪನ ಮನೆಯ ನಾಲ್ಕೂ ಮಗ್ಗಗಳಿಗೆ ರಜೆ. ಬನಹಟ್ಟಿಯ ಆ ಓಣಿಯಲ್ಲಿ ಅಂದು ಮಾತ್ರ ಮೆಲ್ಲಗೆ ಆಡಿದ ಮಾತೂ ಕೇಳಿಸುತ್ತದೆ. ಈ ಸಲ ಬೆಳಿಗ್ಗೆಯೇ ಹೆಂಡತಿ ಅನಸವ್ವನ ತಮ್ಮ ಹೊಳೆಪ್ಪ ಗಲಗಲಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ.

“ಮಾವಾ, ಲಗೂನ ಅಂಗಿ ಹಾಕ್ಕೋರಿ. ಜಮಖಂಡಿ ಟಾಕೀಸಿಗೆ ನಮ್ಮ ಹೊಲಾನ ಬಂದೈತಿ!”

ಕ್ಯಾಮರಾದವರು ಹೋದ ವರ್ಷ ಕೃಷ್ಣೆಯ ದಂಡೆಯ ಕಬ್ಬಿನಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು ತೆಗೆದ ಚಿರತೆಯ ಸಾಕ್ಷ್ಯಚಿತ್ರವದು. ಟಾಕೀಸಿನಲ್ಲಿ ಅರ್ಧ ಗಲಗಲಿಯೇ ಸೇರಿತ್ತು. ಪರದೆಯ ಮೇಲೆ ಹೊಳೆಪ್ಪನ ಪಂಪ್‌ಸೆಟ್ ಕೋಣೆ ಕಂಡದ್ದೇ ತಡ, ಶಿಳ್ಳೆ ಬಿದ್ದವು. ಹೊಳೆಪ್ಪನಂತೂ ಚುನಾವಣೆ ಗೆದ್ದವನ ಹಾಗೆ ಎದ್ದು ನಿಂತು ಸುತ್ತಲಿನವರಿಗೆಲ್ಲ ಕೈಮುಗಿದ.

ತಾಯಿ ಚಿರತೆ ಎರಡು ಮರಿಗಳನ್ನು ಕಬ್ಬಿನ ಸಾಲಿನಲ್ಲಿ ಅಡಗಿಸಿಟ್ಟು ಹೊಳೆಗೆ ನೀರು ಕುಡಿಯಲು ಹೋಗುತ್ತಿತ್ತು. “ಎಷ್ಟು ಜೋಪಾನ ಮಾಡತೈತಿ ನೋಡ್ರಿ,” ಎಂದಳು ಅನಸವ್ವ. ಮುಂದಿನ ದೃಶ್ಯದಲ್ಲಿ ಅದು ಬದುವಿನ ಬಳಿ ಸತ್ತು ಬಿದ್ದಿತ್ತು. ಸೊಂಟಕ್ಕೆ ಉರುಲು ಬಿಗಿದಿತ್ತು. ಕ್ಯಾಮರಾ ಹತ್ತಿರ ಹೋಯಿತು. ಬೈಕಿನ ಕ್ಲಚ್ ತಂತಿ, ಅದರ ಮೇಲೆ ಒತ್ತಾಗಿ ಸುತ್ತಿದ ಹಸಿರು ನೂಲು, ತುದಿಯಲ್ಲಿ ಎರಡೆಳೆ ಹೊರಳಿಸಿ ಹಾಕಿದ ಗಂಟು. ಮಗ್ಗದ ಮುಂದೆ ಬೆಳೆದವನಿಗಷ್ಟೇ ಬರುವ ಗಂಟು ಅದು. ಪರದೆಯ ಮೇಲೆ ಆಳೆತ್ತರ ಕಂಡಿತು.

ಕಬ್ಬಿಗೆ ನುಗ್ಗುವ ಕಾಡುಹಂದಿಗೆಂದು ಹೊಳೆಪ್ಪ ಕೇಳಿದಾಗ ಆರು ಉರುಲು ಮಾಡಿಕೊಟ್ಟವನು ರಾಚಪ್ಪನೇ. ತಂತಿ ಹೊಳೆದರೆ ಹಂದಿ ಬೆದರುತ್ತದೆ, ಕಬ್ಬಿನ ಬಣ್ಣದ ನೂಲು ಸುತ್ತಿದರೆ ಕಾಣುವುದಿಲ್ಲ ಎಂಬ ಉಪಾಯವೂ ಅವನದೇ. ಆ ಜಾಣತನಕ್ಕೆ ಅಂದು ಮನೆಮಂದಿಯೆದುರು ಮೀಸೆ ತಿರುವಿದ್ದ. ಈಗ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮೈಯೊಳಗೆ ಕರೆಂಟು ಹೋದಂತಾಗಿತ್ತು. ಅನಸವ್ವ ಏನೋ ಕೇಳಿದಳು. ಕಿವಿಗೆ ಬಿತ್ತು, ಅರ್ಥವಾಗಲಿಲ್ಲ.

ಹೊರಗೆ ಚಹಾದಂಗಡಿಯ ಮರೆಯಲ್ಲಿ ಹೊಳೆಪ್ಪ ಅವನ ತೋಳು ಹಿಡಿದ. “ಮಾವಾ, ಬಾಯಿ ಬಿಡಬ್ಯಾಡ್ರಿ. ನಾವು ಮಾಡಿದ್ದು ಹಂದಿಗೆ. ಒಂದ ರಾತ್ರಿಗೆ ಅರ್ಧ ಎಕರೆ ಕಬ್ಬು ಉರುಳಸ್ತಾವ. ಕ್ಯಾಮರಾದವರಿಗೇನು ಗೊತ್ತು ಹೊಲ ಮಾಡಾವನ ಸಂಕಟ?”

“ಖರೆ ಐತಿ.”

“ಮತ್ತ? ಕೇಸ್ ಆದ್ರ ಇಬ್ಬರೂ ಜೇಲಿಗೆ. ಅಕ್ಕನ ಗತಿ ಏನು?”

“ಉಳಿದ ಐದು ಎಲ್ಲೆಲ್ಲಿ ಅದಾವ?”

ಹೊಳೆಪ್ಪ ಮುಖ ತಿರುಗಿಸಿದ. “ಅವನ್ನ ತಗದ್ರ ಹಂದಿ ಸುಮ್ಕಿರತಾವೇನು?”

ಹಿಂದೆ ನಿಂತಿದ್ದ ಅನಸವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಂದು ಹಸಿರು ನೂಲು ತಂದುಕೊಟ್ಟವಳು ಅವಳೇ. “ಒಂದು ಮರಿ ಇನ್ನೂ ಅಲ್ಲೇ ತಿರಗತೈತಂತ ಸಿನಿಮಾದಾಗ ಹೇಳಿದ್ರಲ್ಲೋ ಹೊಳೆಪ್ಪ,” ಎಂದಳು. “ನಡಿ, ತೋರಸು.”

ಅಕ್ಕನಿಗೆ ಅವನು ಎದುರಾಡಲಿಲ್ಲ. ಆದರೆ ಗಲಗಲಿ ಬಸ್ಸಿನಲ್ಲಿ ಇಬ್ಬರಿಂದಲೂ ದೂರ ಹೋಗಿ ಕೂತ.

ಐದೂ ಸಿಕ್ಕವು. ಗಂಟು ಬಿಚ್ಚಲು ಬರಲಿಲ್ಲ, ರಾಚಪ್ಪ ಇಕ್ಕಳದಿಂದ ಕತ್ತರಿಸಿದ. ಬೆರಳು ಕೊಯ್ದು ರಕ್ತ ಸುರಿಯುತ್ತಿರುವುದು ಅನಸವ್ವ ಹೇಳಿದ ಮೇಲೆಯೇ ಅವನಿಗೆ ಗೊತ್ತಾಯಿತು. ನೋವು ಮಾತ್ರ ಆಗಲೂ ಇರಲಿಲ್ಲ.

“ಹೊಳಿಗೆ ಒಗೀರಿ, ಮುಗದ್ಹೋಗಲಿ,” ಎಂದ ಹೊಳೆಪ್ಪ. ರಾಚಪ್ಪ ಅವನ್ನು ಕೈಚೀಲಕ್ಕೆ ತುಂಬಿಕೊಂಡ.

ಮರುದಿನ ಅರಣ್ಯ ಕಚೇರಿಯ ಮೇಜಿನ ಮೇಲೆ ಚೀಲ ಬರಿದು ಮಾಡಿದ. ಅಲ್ಲಿದ್ದ ಅಧಿಕಾರಿ ಸಂಧ್ಯಾ ಅವನಿಗೆ ಕುರ್ಚಿ ತೋರಿಸಿದಳು. “ಛಲೋ ಕೆಲಸ ಮಾಡೀರಿ. ಎಲ್ಲಿ ಸಿಕ್ಕವ್ರಿ?”

“ಗಲಗಲಿ ಕಬ್ಬಿನಾಗರಿ.”

“ಮಾಡಿದವರು ಯಾರಂತ ಗೊತ್ತಿಲ್ಲ ಅಂತ ಬರ್ಕೋತೀನ್ರಿ.”

ಅಷ್ಟಕ್ಕೇ ಎದ್ದು ಬಂದಿದ್ದರೆ ಕೇಳುವವರಿರಲಿಲ್ಲ. ಮಧ್ಯಾಹ್ನದೊಳಗೆ ಮಗ್ಗ ಶುರು ಮಾಡಬಹುದಿತ್ತು.

“ಹಂಗ ಬರೀಬ್ಯಾಡ್ರಿ ಮೇಡಮ್ಮಾರ,” ಎಂದ ರಾಚಪ್ಪ. “ಅವನ್ನ ಮಾಡಿದವ ನಾನರಿ. ಸಿನಿಮಾದಾಗಿನ ಚಿರತಿಗೆ ಬಿಗಿದದ್ದೂ ನಂದರಿ. ನನ್ನ ಹೆಸರು ಬರಕೋರಿ.”

ಸಂಧ್ಯಾ ಹೊಸ ಹಾಳೆ ತೆಗೆದಳು. ಅವನು ಹೆಸರು ಹೇಳಿದ, ತಂದೆಯ ಹೆಸರು ಹೇಳಿದ, ಊರು ಹೇಳಿದ.

“ಏನು ಕೆಲಸಾರಿ ನಿಮ್ಮದು?”

ನೇಕಾರ ಎನ್ನಲು ಬಾಯಿ ತೆರೆದವನಿಗೆ ನಿನ್ನೆಯಿಂದ ಬಾರದ ಅಳು ಒಮ್ಮೆಲೇ ಬಂತು.